ಮೂಲೆಕೋಣೆಯ ಹಸಿರುಗಣ್ಣಿನ ಹಕ್ಕಿ

ಬಲು ಹಿಂದೆ, ಏಳು ಬೆಟ್ಟಗಳಾಚೆ ಮಂಜುಕೋಟೆ ಅಂತ ಒಂದು ರಾಜ್ಯವಿತ್ತಂತೆ. ಅಲ್ಲಿನ ಅರಮನೆಯಲ್ಲಿ ಹಸಿರುಗಣ್ಣಿನ, ಜೋಡಿ ಜುಟ್ಟಿನ ಹಕ್ಕಿಯೊಂದಿತ್ತು. ಅದರ ಕಾಲಿಗೆ ಕಟ್ಟಿದ ಬೆಳ್ಳಿದಾರದಲ್ಲಿ ಬೆಟ್ಟದ ಉಸಿರು ಹರಿದು ಬರುತ್ತಿತ್ತು. ಹಕ್ಕಿ ಅದನ್ನು ಹಾಡಾಗಿಸಿ ಮನೆತುಂಬ ಹರಡುತ್ತಿತ್ತು. ಹುಟ್ಟುವಾಗಲೇ ಉಸಿರು ಸಾಲದ ರಾಜಕುಮಾರ ಚೆಲುವರಾಯ ಆ ಹಾಡಿನಿಂದಲೇ ಬದುಕಿದ್ದ.

ರಾಣಿ ತೀರಿಕೊಂಡ ಮೇಲೆ ರಾಜನಿಗೆ ಎಲ್ಲಕ್ಕೂ ಭಯ. ಕೋಟೆಗೋಡೆಗೆ ಒತ್ತಿಕೊಂಡು ಗುಡಿಸಲು ಹಾಕಿದ್ದ ಮಾಂತ್ರಿಕ ಕಾಳಭೂತಿ ಬಂದು ಕಿವಿಯೂದಿದ: “ಮಹಾಸ್ವಾಮಿ, ಹಕ್ಕಿ ನಡುಮನೆಯಲ್ಲಿದ್ದರೆ ದೃಷ್ಟಿ ತಾಗುತ್ತೆ. ಮೂಲೆಕೋಣೆಗೆ ಹಾಕಿ ಕಬ್ಬಿಣದ ಬಾಗಿಲು ಜಡಿಸಿ. ಮುಂದೆ ಕನ್ನಡಿ ನಿಲ್ಲಿಸಿ, ಕೊಳ ತೋಡಿಸಿ. ಕಾವಲಿಗೆ ನನ್ನ ಮೃಗಗಳಿವೆ.” ರಾಜ ಹಾಗೇ ಮಾಡಿದ. ಅಯ್ಯೋ, ಸಾಕಿದ ಕೈಯೇ ಮಗನ ಕುತ್ತಿಗೆ ಹಿಸುಕಿತಲ್ಲ!

ಹಾಡು ಸಣ್ಣಗಾಯಿತು. ಅರಮನೆಯ ಇನ್ನೊಂದು ತುದಿಯಲ್ಲಿ ಮಲಗಿದ್ದ ಚೆಲುವರಾಯನ ತುಟಿ ನೀಲಿಗಟ್ಟಿತು. ವೈದ್ಯರು ಕೈಚೆಲ್ಲಿದರು.

“ಬೆಳ್ಳಿದಾರ ಹರಿದಿರಬೇಕು,” ಎಂದರು ಮಂತ್ರಿಗಳು.

“ಹರಿದಿದ್ದರೆ ಹಕ್ಕಿಯ ಕಣ್ಣು ಆರುತ್ತಿತ್ತು. ಹಸಿರಾಗೇ ಇದೆ ಅಂತ ಕಾಳು ಹಾಕೋ ಆಳು ಹೇಳ್ತಾನೆ,” ಎಂದಳು ಚೆಲುವರಾಯನ ಅಕ್ಕ ಸಂಪಿಗೆದೇವಿ. “ಹಾಡು ಬರೋ ದಾರಿಯಲ್ಲೇ ಎಲ್ಲೋ ಸಾಯ್ತಿದೆ.” ಕತ್ತಿ ಹಿಡಿದು, ಹಾಡಿಗೆ ಕಿವಿಗೊಟ್ಟು ಹೊರಟಳು.

ಕೊಳದಿಂದ ಹಾವೆದ್ದಿತು. “ಎಲ್ಲಿಗೆ ಹೊರಟೆ?” “ತಮ್ಮನ ಉಸಿರು ತರೋಕೆ.” ಹಾವು ಕಚ್ಚಿದ ಬೆರಳನ್ನು ಅವಳು ತಾನೇ ಕಡಿದು ಬಿಸಾಕಿ, ಹಾವನ್ನು ಸೀಳಿ, ತೂಬು ಕಿತ್ತಳು. ನೀರು ಹರಿದುಹೋಯಿತು, ಹಾಡು ಕೊಂಚ ಏರಿತು.

ಕನ್ನಡಿಯಿಂದ ಹುಲಿ ಇಳಿಯಿತು. “ಎಲ್ಲಿಗೆ ಹೊರಟೆ?” “ತಮ್ಮನ ಉಸಿರು ತರೋಕೆ.” ಹುಲಿ ಹೆಗಲು ಸಿಗಿಯಿತು. ಅವಳು ಕನ್ನಡಿ ಒಡೆದಳು, ಹುಲಿಯೂ ಚೂರಾಯಿತು. ಹಾಡು ಇನ್ನೂ ಏರಿತು.

ಕಬ್ಬಿಣದ ಬಾಗಿಲಲ್ಲಿ ಕರಡಿ. ಅದೂ ಅದನ್ನೇ ಕೇಳಿತು, ಅವಳೂ ಅದನ್ನೇ ಹೇಳಿದಳು. ಕರಡಿ ಅವಳ ಒಂದು ಕಿವಿ ಹರಿದುಕೊಂಡೇ ಕತ್ತಿಗೆ ಸಿಕ್ಕು ಸತ್ತಿತು.

ಬಾಗಿಲು ತೆರೆದರೆ ಕೋಣೆಯೊಳಗೆ ಹಾಡು ಭೋರ್ಗರೆಯುತ್ತಿತ್ತು. ಗೋಡೆಯಾಚೆಯ ಗುಡಿಸಲಲ್ಲಿ ಯಾರೋ ಜತೆಗೆ ಗುನುಗುತ್ತಿದ್ದರು. ಕಾಳಭೂತಿ! ಮುನ್ನೂರು ವರ್ಷದ ಮುದುಕ, ದನಿ ಮಾತ್ರ ಎಳೆ ಹುಡುಗನದು. ತಮ್ಮನ ಪಾಲಿನ ಉಸಿರನ್ನೆಲ್ಲ ಅವನು ಕುಡಿಯುತ್ತಿದ್ದ.

ಸಂಪಿಗೆದೇವಿ ಹಕ್ಕಿಯನ್ನೆತ್ತಿ, ಬೆಳ್ಳಿದಾರದ ಸುರುಳಿ ಬಿಚ್ಚಿಕೊಳ್ಳುತ್ತ ನಡುಮನೆಗೆ ಬಂದಳು. ರಾಜ ಅಡ್ಡ ನಿಂತ. “ಬೇಡ ಮಗಳೇ, ದೃಷ್ಟಿ ತಾಗೀತು!”

“ದೃಷ್ಟಿ ತಾಗೋಕಾದರೂ ಅವನು ಬದುಕಿರಬೇಕಲ್ಲ, ಅಪ್ಪಾಜಿ!”

ರಾಜ ಬಿಕ್ಕುತ್ತ ಪಕ್ಕಕ್ಕೆ ಸರಿದ. ಅವಳು ನಡುಮನೆಯ ಎತ್ತರದ ಕಂಬದ ಮೇಲೆ ಹಕ್ಕಿಯನ್ನು ಕೂರಿಸಿದಳು. ಹಾಡು ಅರಮನೆಯ ಮೂಲೆಮೂಲೆಗೂ ಹರಿಯಿತು, ಕಾಳಭೂತಿಯ ಗುಡಿಸಲಿಗೆ ಮಾತ್ರ ಮುಟ್ಟಲಿಲ್ಲ. ಗೋಡೆಯಾಚೆ ಒಂದು ಚೀತ್ಕಾರ. ಗುಡಿಸಲಲ್ಲಿ ಹಿಡಿ ಬೂದಿ ಬಿಟ್ಟು ಏನೂ ಉಳಿಯಲಿಲ್ಲ.

ಚೆಲುವರಾಯ ಕಣ್ಣುಬಿಟ್ಟ. “ಅಕ್ಕಾ, ನಿನ್ನ ಕಿವಿ ಎಲ್ಲಿ?”

“ಇನ್ನೊಂದಿದೆಯಲ್ಲೋ. ನಿನ್ನ ಉಸಿರಾಟ ಕೇಳೋಕೆ ಅಷ್ಟು ಸಾಕು.”

ಆಮೇಲೆ ಮಂಜುಕೋಟೆಯವರೆಲ್ಲ ನೂರ್ಕಾಲ ಸುಖವಾಗಿ ಬಾಳಿದರು. ಆ ಮೂಲೆಕೋಣೆಯಲ್ಲಿ ಈಗ ಪೊರಕೆ ಇಡುತ್ತಾರಂತೆ.