ಬರೀ ನೀರು ಕುಡಿದ ಇಲಿ

“ಈ ಬಳ್ಳಿಗಿ ಮಾಟದ ಕಟ್ಟು ಅದರೀ ಯಪ್ಪಾ. ಬಿಗಿ ಬಿಡಸೂಕಿಂತ ಮೊದ್ಲ ಅದಕ್ಕ ಕಲ್ಲು ತೋರಸ್ಬೇಕು. ಇಲ್ಲಾಂದ್ರ ಬಾಜೂಕಿದ್ದ ಜೀವ ಹಿಡೀತದ.”

ದೇವದುರ್ಗದ ಕಡೆಯ ಜಾಲಹಳ್ಳಿಯ ಮುದುಕಮ್ಮ ಸಡಿಲಬಳ್ಳಿಯ ಬೇರನ್ನೂ ಹಸಿ ದಾರ ಸುತ್ತಿದ ಕರಿಗಲ್ಲೊಂದನ್ನೂ ಒಟ್ಟಿಗೇ ಹನುಮಂತ್ರಾಯನ ಕೈಗಿಟ್ಟಳು. ಕುತ್ತಿಗೆ ಹಿಡಿದವರು, ಸೊಂಟ ಸೆಟೆದವರು, ದವಡೆ ಕಚ್ಚಿಕೊಂಡವರು ಎಲ್ಲರೂ ಅವಳ ಗುಡಿಸಲಿಗೇ ಬರುತ್ತಿದ್ದರು. ಬೇರು ತೇಯ್ದು ಕುಡಿಸುವಾಗ ಅವಳು ರೋಗಿಯ ಮಗ್ಗುಲಿಗೆ ಇಂಥದೊಂದು ಕಲ್ಲಿಡುತ್ತಿದ್ದಳು. ಮೈ ಬಿಟ್ಟ ಸೆಟೆತ ಕಲ್ಲಿಗೆ ಹೋಗಬೇಕು, ಅದು ಅವಳ ಲೆಕ್ಕ.

ಹೈದರಾಬಾದಿನಲ್ಲಿ ಓದಿ, ರಾಯಚೂರಿನ ಕಾಲೇಜೊಂದಕ್ಕೆ ಮೇಷ್ಟ್ರಾಗಿ ಹೊಸದಾಗಿ ಸೇರಿದ್ದ ಹನುಮಂತ್ರಾಯನಿಗೆ ನಗು ತಡೆಯಲಾಗಲಿಲ್ಲ. “ನನಗ ಬೇರು ಸಾಕು ಯವ್ವಾ. ರಾಯಚೂರಾಗ ಕಲ್ಲಿಗೇನು ಬರ ಅದ?” ಎಂದ. ಬಸ್ಸು ದೇವದುರ್ಗ ದಾಟಿದ ಮೇಲೆ ಆ ಕಲ್ಲನ್ನು ಕಿಟಕಿಯಾಚೆ ಎಸೆದುಬಿಟ್ಟ.

ಸ್ನಾಯು ಸಡಿಲಿಸುವ ಸತ್ವವನ್ನು ಬೇರಿನಿಂದ ಬೇರ್ಪಡಿಸಿ ತೋರಿಸಿದರೆ ಡಾಕ್ಟರೇಟು ಅವನದು. ಎಪ್ಪತ್ತೊಂಬತ್ತರ ಆ ಸುಡುಬೇಸಿಗೆಯಲ್ಲಿ ಅವನಿಗೆ ಬೇರೆ ಧ್ಯಾನವೇ ಇರಲಿಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಇಲಿಗೆ ಔಷಧ. ಹೋಲಿಸಿ ನೋಡಲು ಪಕ್ಕದ ಪಂಜರದ ಇಲಿಗೆ ಬರೀ ನೀರು. ಔಷಧ ಕುಡಿದದ್ದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಹನುಮಂತ್ರಾಯ ಕುಣಿಯಬೇಕಿತ್ತು. ಆದರೆ ನೀರು ಕುಡಿದದ್ದು ಬೆನ್ನು ಹಿಂದಕ್ಕೆ ಬಾಗಿಸಿ, ಹಲ್ಲು ಕಿರಿದು ಸತ್ತೇಹೋಯಿತು. ಬರೀ ನೀರಿಗೆ ಯಾವ ಇಲಿ ಸಾಯುತ್ತದೆ ಮಾರಾಯರೇ! ನೀರು ಬದಲಿಸಿದ. ಇಲಿ ಬದಲಿಸಿದ. ಪಂಜರ ಉಜ್ಜಿ ತೊಳೆದ. ಮತ್ತೆ ಅದೇ ಹಾಡು. ಹೋಲಿಕೆಯ ಇಲಿಯೇ ಸತ್ತರೆ ಪ್ರಬಂಧ ಕಸದ ಬುಟ್ಟಿಗೇ ಸರಿ. “ಮೊದ್ಲು ಇಲಿ ಸಾಕೋದು ಕಲಿಯಪ್ಪಾ” ಎಂದು ಗೈಡು ಫೋನಿನಲ್ಲೇ ಮಂಗಳಾರತಿ ಎತ್ತಿದರು. ಹನುಮಂತ್ರಾಯ ಹಲ್ಲು ಕಚ್ಚಿ ರಿಸೀವರ್ ಇಟ್ಟ.

ಈ ಸಿಟ್ಟೆಲ್ಲ ಮನೆಯಲ್ಲಿ ಗೋಪಮ್ಮನ ಮೇಲೆ ಇಳಿಯುತ್ತಿತ್ತು. ದಿನ ತುಂಬಿದ ಹೆಂಡತಿ, ಚೊಚ್ಚಲು. ಇಷ್ಟೊತ್ತಿಗೆ ಹಿರೇಕೊಟ್ನೆಕಲ್ಲಿನ ತವರಿನಲ್ಲಿರಬೇಕಿತ್ತು.

“ಕೂಸು ಭಾಳ ಒದಿಯಾಕತ್ತದರೀ. ಯಾವಾಗ ಕಳಸ್ತೀರಿ?”

“ಇದೊಂದು ಪ್ರಯೋಗ ಮುಗೀಲಿ, ತಲಿ ತಿನ್ನಬ್ಯಾಡ! ಆ ಔಷಧ ಕುಡದ್ರ ಎಂಥಾ ಸೆಟೆದ ಮೈನೂ ಸಡಿಲ ಆಗ್ತದ. ಲೋಕಕ್ಕ ತೋರಸ್ಬೇಕು ನಾ.”

ಕೊನೆಗೊಂದು ಉಪಾಯ ಹೊಳೆಯಿತು. ಸಾಯುವ ಇಲಿಯನ್ನು ಇಡುವುದೇ ಬೇಡ. ಭಾನುವಾರ ಮಧ್ಯಾಹ್ನ, ಕಾಲೇಜು ಖಾಲಿ. ಬೆಳಕಿಗೆ ಔಷಧ ಕೆಡುತ್ತದೆಂದು ಪ್ರಯೋಗಾಲಯದ ಕಿಟಕಿಗೆಲ್ಲ ಕರಿ ಬಟ್ಟೆ ಕಟ್ಟಿದ್ದ. ಒಳಗೆ ಕತ್ತಲು, ಸ್ಪಿರಿಟ್ಟಿನ ಘಾಟು, ಇಲಿಯ ಉಚ್ಚೆಯ ನಾತ, ಎಲ್ಲದರ ಮೇಲೆ ಆ ಬೇರಿನ ಕೊಳೆತ ಗೋಣಿಯಂಥ ವಾಸನೆ. ಒಂದೇ ಇಲಿ, ಒಂದೇ ಪಂಜರ. ಔಷಧ ಕುಡಿಸಿ, ಸೀಸೆಯನ್ನು ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟು ಬಂದು ಕುಳಿತ. ಇಲಿ ಮೆಲ್ಲಗೆ ಸಡಿಲವಾಯಿತು.

“ಈಗ ಯಾರ್ನ ಹಿಡೀತದ ನೋಡೂಣು” ಎಂದು ಜೋರಾಗಿ ನಕ್ಕ.

ನಗುತ್ತಿದ್ದ ಬಾಯಿ ಹಾಗೇ ನಿಂತಿತು. ಆ ಕೋಣೆಯಲ್ಲಿ ಇಲಿಯ ಬಾಜೂಕಿದ್ದ ಜೀವ ಅವನೊಬ್ಬನೇ.

ಹಲ್ಲು ಕಟಕ್ಕನೆ ಕಚ್ಚಿಕೊಂಡಿತು. ಹೆಬ್ಬೆರಳು ಮಡಚಿತು. ಮೊಣಕೈ. ಕುತ್ತಿಗೆ. ಬೆನ್ನು ಹಿಂದಕ್ಕೆ ಎಳೆಯಿತು. ಬಿದ್ದ. ಕೂಗಬೇಕೆಂದ. ಆಗಲಿಲ್ಲ.

ಬಾಗಿಲು ಕಿರುಗುಟ್ಟಿತು. ಊಟದ ಡಬ್ಬಿ ಹಿಡಿದ ಗೋಪಮ್ಮ.

“ಅಯ್ಯಯ್ಯೋ! ಏನಾತ್ರೀ ನಿಮಗ?”

ಡಬ್ಬಿ ಉರುಳಿತು. ಅವಳು ಹತ್ತಿರ ಬಂದಳು. ಬರಬೇಡ. ಹೊರಗೆ ಹೋಗು. ನಾಲಿಗೆ ಹೊರಳಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಕಣ್ಣಿಗೆ ತಂದು ಬಾಗಿಲಿನತ್ತ ಹೊರಳಿಸಿದ. ಅವಳು ಆ ಕಡೆ ನೋಡಿದಳು. ಅಲ್ಲಿ ಸೀಸೆ ಕಂಡಿತು.

“ಔಷಧಾ? ತಡೀರಿ, ಕುಡಸ್ತೀನಿ.”

ಬೇಡ. ಬೇಡ. ಅವಳು ಅವನ ತಲೆಯನ್ನೆತ್ತಿ ಮಡಿಲಿಗೆ ಹಾಕಿಕೊಂಡಳು. ಅವನ ಕೆನ್ನೆ ಅವಳ ಹೊಟ್ಟೆಗೆ ಒತ್ತಿತು. ಒಳಗಿನಿಂದ ಕೂಸು ಕೆನ್ನೆಗೇ ಒದೆಯಿತು. ಮತ್ತೊಮ್ಮೆ ಒದೆಯಿತು. ಕಚ್ಚಿದ ಹಲ್ಲಿನ ಸಂದಿಗೆ ಅವಳು ಸೀಸೆ ಬಗ್ಗಿಸಿದಳು. ಕಹಿ. ಗಂಟಲಿಗಿಳಿಯಿತು. ಕುತ್ತಿಗೆ ಬಿಟ್ಟಿತು. ದವಡೆ ಬಿಟ್ಟಿತು.

“ಬಿಡ್ತಲ್ರೀ! ದೇವರು ದೊಡ್ಡಾಂವ” ಎಂದು ಗೋಪಮ್ಮ ಅಳುತ್ತಲೇ ನಕ್ಕಳು.

“ಕಲ್ಲು!” ಹನುಮಂತ್ರಾಯ ಕಿರುಚಿದ. “ಗೋಪೀ, ಕಲ್ಲು ಎಲ್ಲದ? ಒಂದು ಕಲ್ಲು ತಾ!”

ಅವನಿಗೆ ಬುದ್ಧಿ ಕೆಟ್ಟಿದೆಯೆಂದು ಅವಳು ತಲೆ ಸವರಿದಳು. ಆಮೇಲೆ ಆ ಕೈ ನಿಂತಿತು. ಮೆಲ್ಲಗೆ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, ಒತ್ತಿ ನೋಡಿಕೊಂಡಳು.

“ಕೂಸು ಒದೀವಲ್ದುರೀ” ಎಂದಳು.