ಭಾವನ ಎದೆಯ ಕೂದಲು

ಅಕ್ಕ ಪತ್ತೆಹಚ್ಚಿದ ಪ್ರಕರಣಗಳನ್ನೆಲ್ಲ ಜಂಬದಿಂದ ಬರೆದವನು ನಾನು. ಇದೊಂದನ್ನು ನಾಚಿಕೆ ನುಂಗಿಕೊಂಡು ಬರೆಯುತ್ತಿದ್ದೇನೆ.

ಅಕ್ಕ ನಿವೃತ್ತ ನರ್ಸು. ಅವಳು ದುಡಿದಿದ್ದ ಆಸ್ಪತ್ರೆಯಲ್ಲಿ ಬಿ.ಪಿ. ಇರುವ ಹಿರಿಯರಿಗೆಲ್ಲ ಹೃದಯ ತಪಾಸಣೆ ನಡೆದಿತ್ತು. ಅಲ್ಲಿ ಇಸಿಜಿ ತೆಗೆಯುವಾಕೆ ಒಂದು ಸಂಜೆ ಅಳುತ್ತಾ ಮನೆಗೆ ಬಂದಳು. ಅವಳ ದನಿ ಕೇಳಿದ್ದೇ ತಡ, ನಾನು ಅಡುಗೆಮನೆ ಸೇರಿದೆ.

"ಅಕ್ಕಾ, ನನ್ನ ಕೆಲಸ ಹೋಗತ್ತೆ. ನಿಮ್ಮ ಯಜಮಾನ್ರ ಇಸಿಜಿ ನೋಡಿ ಹೃದಯದ ಗೋಡೆ ದಪ್ಪ ಆಗಿರಬಹುದು ಅಂದ್ರು ಡಾಕ್ಟ್ರು. ಇವತ್ತು ಅವರೇ ಎಕೋ ಸ್ಕ್ಯಾನ್ ಮಾಡಿದ್ರೆ ಎಲ್ಲ ಸರಿಯಿದೆ! ನಾನು ಯಾರದ್ದೋ ಹಾಳೆಗೆ ಇವರ ಹೆಸರು ಬರೆದಿದೀನಂತೆ."

"ಆ ದಿನ ಎಷ್ಟು ಜನ ಬಂದಿದ್ರು?"

"ಗಂಡಸರು ಅಂದ್ರೆ ಅವರೊಬ್ಬರೇ. ನಾನು ಅವರನ್ನ ನೋಡಿದ್ದೂ ಅವತ್ತೇ ಮೊದಲು. ಎದೆ ತುಂಬ ಕೂದಲು, ಪಟ್ಟಿ ಅಂಟಲೇ ಇಲ್ಲ. ಆರು ಕಡೆ ಬೋಳಿಸಿದೆ."

ಮರುದಿನ ಅಕ್ಕ ಡಾಕ್ಟರ ಕೋಣೆಗೆ ನಮ್ಮೆಲ್ಲರನ್ನೂ ಕರೆಸಿದಳು. ನಾನು ಡಾಕ್ಟರ ಬೆನ್ನ ಹಿಂದೆ ನಿಂತೆ.

"ಬೋಳಿಸಿ ನಾಲ್ಕು ದಿನ ಆಗಿದೆ," ಎಂದು ಭಾವನ ಅಂಗಿಯ ಗುಂಡಿ ಬಿಚ್ಚಿದಳು. "ಇಲ್ಲಿ ಒಂದು ಕೂದಲೂ ಕೊಂಕಿಲ್ಲ. ಅಂದ್ಮೇಲೆ ಅವತ್ತು ಮಲಗಿದ್ದು ಇವರಲ್ಲ. ಇವರ ಚೀಟಿ ಹಿಡಿದು ಬಂದೋನು ಹೆಚ್ಚುಕಡಿಮೆ ಇವರದೇ ವಯಸ್ಸಿನೋನು, ಇವರ ಜೊತೆ ಸಲುಗೆ ಇರೋನು. ನಿನ್ನೆ ಈಕೆ ಬಂದಾಗ ಮುಖ ಮರೆಸಿಕೊಂಡೋನು. ನಾಲ್ಕು ದಿನದಿಂದ ಎದೆ ಕೆರ್ಕೊಳ್ತಿರೋನು. ತಮ್ಮಾ, ಅಂಗಿ ಬಿಚ್ಚು."

ಬಿಚ್ಚಿದೆ. ಎದೆಯ ಮೇಲೆ ಆರು ಬೋಳು ಜಾಗ.

"ಇವರೇ!" ಎಂದಳು ಆಕೆ.

"ತಪ್ಪು ನಂದು," ಎಂದ ಭಾವ. "ಶಾಲೆ ವ್ಯಾನ್ ಓಡಿಸೋ ಕೆಲಸ ಹೋದೀತು ಅಂತ ಹೆದರಿದೆ. ಇವನು ಗಟ್ಟಿಮುಟ್ಟಾಗಿದಾನಲ್ಲ, ಇವನ ಹೃದಯ ತೋರಿಸಿದ್ರಾಯ್ತು ಅಂದ್ಕೊಂಡೆ. ಅದರಲ್ಲೇ ದೋಷ ಬಂದಾಗ ಎಕೋಗೆ ನಾನೇ ಹೋದೆ."

ನನಗೂ ಬಿ.ಪಿ. ಇತ್ತು. ಆರಾಮಾಗಿದ್ದೇನೆಂದು ಎರಡು ವರ್ಷದ ಹಿಂದೆಯೇ ಮಾತ್ರೆ ಬಿಟ್ಟಿದ್ದೆ. ಅಕ್ಕನಿಗೂ ಹೇಳಿರಲಿಲ್ಲ. ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟರು ಆಕೆಯ ಕ್ಷಮೆ ಕೇಳಿದರು. ನಾನು ಕೇಳಲು ಬಾಯಿ ತೆರೆಯುವ ಮೊದಲೇ ಆಕೆ ಪಕ್ಕದ ಮಂಚಕ್ಕೆ ಹೊಸ ಹಾಸು ಹಾಸಿದಳು.

"ಬನ್ನಿ ಅಣ್ಣಾ, ಮಲ್ಕೊಳ್ಳಿ. ಎಕೋಗೆ ಕಳಿಸೋ ಮೊದಲು ಇನ್ನೊಂದು ಸಲ ತೆಗೀತೀನಿ. ಈಗ ನಿಮ್ಮ ಹೆಸರೇ ಹೇಳಿ."