ನೀಲಿ ಡಬ್ಬಿ ಮತ್ತು ಹದಿನಾಲ್ಕು ವಿಮಾನ

ಡಬ್ಬಿ ಇದ್ದಲ್ಲೇ ಇತ್ತು. ಕಾರ್ಡು ಇರಲಿಲ್ಲ.

ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಕಾಯುವ ಕಾರ್ಡಣ್ಣ ನೀಲಿ ಮಖಮಲ್ಲಿನ ಡಬ್ಬಿಯನ್ನು ಬೋರಲು ಹಾಕಿ ಕೊಡವಿದ. ಮುಚ್ಚಳದ ಒಳಗೆ ನೋಡಿದ. ಉಂಗುರ ಸಿಕ್ಕಿಸುವ ಸೀಳಿನೊಳಗೂ ಕಿರುಬೆರಳು ತೂರಿಸಿ ತಡಕಿದ. ಮೇಜಿನ ಕೆಳಗೆ ಹೊಕ್ಕು ಎದ್ದಾಗ ಅವನ ಮುಖ ಬಿಳಿಚಿಹೋಗಿತ್ತು.

"ಬೆಳಗಿನ ಕಾರ್ಡು... ಇಲ್ಲ" ಎಂದ.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಇಡೀ ಶೂಟಿಂಗ್ ಯೂನಿಟ್ಟು ಮೇಜಿನ ಸುತ್ತ ನೆರೆಯಿತು. ತೆಗೆಯುತ್ತಿದ್ದದ್ದು ನಗೆಚಿತ್ರ. ಪರರ ಮದುವೆಗಳನ್ನು ಅಚ್ಚುಕಟ್ಟಾಗಿ ನಡೆಸಿಕೊಡುವುದೇ ಕಸುಬಾದ ಹುಡುಗಿಯೊಬ್ಬಳು ತನ್ನ ಮದುವೆಯಲ್ಲಿ ಮಾತ್ರ ಎಲ್ಲವನ್ನೂ ಎಡವಟ್ಟು ಮಾಡಿಕೊಳ್ಳುವ ಕಥೆ. ಬೆಳಿಗ್ಗೆ ಅದೇ ಮದುವೆಯ ದೃಶ್ಯ ತೆಗೆದಿದ್ದರು. ಮುನ್ನೂರು ಜನ ಅತಿಥಿಗಳು, ಮೇಲಿಂದ ಸುರಿದ ಬುಟ್ಟಿಗಟ್ಟಲೆ ಹೂವಿನ ಎಸಳು, ಉಂಗುರ, ನಗು, ಕಣ್ಣೀರು. ಅಷ್ಟೂ ಇದ್ದದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಒಂದು ಕಾರ್ಡಿನಲ್ಲಿ. ಕಾರ್ಡಿನ ನಕಲು ತೆಗೆಯುವ ಯಂತ್ರ ನಾಲ್ಕು ದಿನದಿಂದ ಕೆಟ್ಟು ಕೂತಿತ್ತು. ಅತಿಥಿಗಳು ಮನೆಗೆ ಹೋಗಿಯಾಗಿತ್ತು. ಮದುವೆ ಹಾಲ್ ನಾಳೆಯಿಂದ ಬೇರೆಯವರಿಗೆ. ನಾಯಕಿ ಸಂಜೆ ಐದಕ್ಕೆ ಹೊರಟರೆ ಆರು ತಿಂಗಳು ಸಿಗುವವಳಲ್ಲ.

"ಮೇಜು ಬಿಟ್ಟು ಎಲ್ಲಿಗಾದರೂ ಹೋಗಿದ್ದೆಯಾ?" ನಿರ್ದೇಶಕ ಕೇಳಿದ.

"ಹನ್ನೊಂದು ಗಂಟೆಗೆ ಸಾರ್. ಟೀ ಕುಡಿಯೋಕೆ. ಹತ್ತೇ ನಿಮಿಷ."

"ಕಾರ್ಡು ಬಿಟ್ಟು ಟೀನಾ? ಯಾರು ಕಳಿಸಿದ್ದು ನಿನ್ನ?"

ಕಾರ್ಡಣ್ಣ ಒಂದು ಕ್ಷಣ ಕಂಟಿನ್ಯುಟಿ ಅಕ್ಕನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಯಾರೂ ಇಲ್ಲ. ನಾನೇ ಹೋದೆ."

"ಮೊನ್ನೆ ಯಂತ್ರ ರಿಪೇರಿ ಮಾಡಿಸಿಲ್ಲ ಅಂತ ನನ್ನ ಮೇಲೆ ಕೂಗಾಡಿದ್ದೆ. 'ಒಂದು ಕಾರ್ಡು ಕಳೆದ ದಿನ ನಿಮಗೆಲ್ಲ ಬುದ್ಧಿ ಬರುತ್ತೆ' ಅಂದಿದ್ದೆ— ನೆನಪಿದೆಯಾ?"

"ಕೋಪದಲ್ಲಿ ಅಂದಿದ್ದು ಸಾರ್..."

"ಮೂರೂವರೆಗೆ ಪೊಲೀಸರನ್ನ ಕರೆಸ್ತೀನಿ." ನಿರ್ದೇಶಕ ಅಕ್ಕನ ಕಡೆ ತಿರುಗಿದ. "ಅಷ್ಟರೊಳಗೆ ನೀನು ಹುಡುಕು. ನಿನ್ನ ಕಣ್ಣು ತಪ್ಪಿಸಿ ಇಲ್ಲಿ ಸೊಳ್ಳೆನೂ ಹಾರೋದಿಲ್ಲ."

ಆಗ ಗಂಟೆ ಎರಡು. ಅಕ್ಕ 'ಆಗಲಿ' ಎಂದಳು.

ಕಾರ್ಡಣ್ಣನನ್ನು ಟೀಗೆ ಕಳಿಸಿದ್ದವಳು ಅವಳೇ.

ಒಂದು ಶಾಟಿನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ಕಾಯುವುದು ಅಕ್ಕನ ಕೆಲಸ. ಲೋಟ ಯಾವ ಕೈಯಲ್ಲಿತ್ತು, ಮೇಣದಬತ್ತಿ ಎಷ್ಟು ಕರಗಿತ್ತು, ಮದುಮಗಳ ಯಾವ ಕಿವಿಯ ಮೇಲೆ ಕೂದಲು ಬಿದ್ದಿತ್ತು— ಎಲ್ಲವೂ ಅವಳ ಪುಸ್ತಕದಲ್ಲಿ ಇರಬೇಕು, ಎಲ್ಲದರ ಫೋಟೋ ಅವಳ ಮೊಬೈಲಿನಲ್ಲಿ ಇರಬೇಕು. ಯಾವ ಟೇಕು ಯಾಕೆ ಕೆಟ್ಟಿತು ಎಂದು ಬರೆಯುವವಳೂ ಅವಳೇ. ಇಪ್ಪತ್ತು ವರ್ಷ ಆ ಪುಸ್ತಕದಲ್ಲಿ ಒಂದು ಸುಳ್ಳೂ ಇರಲಿಲ್ಲ. ಕಳೆದ ಮೂರು ವಾರದಲ್ಲಿ ಹದಿನಾಲ್ಕು ಸುಳ್ಳು ಸೇರಿದ್ದವು.

ಎಲ್ಲವೂ ಬೀಗರಿಗಾಗಿ.

ಬೀಗರು ಎಂದರೆ ಹಿರಿಯ ನಟರು. ನಲವತ್ತೊಂದು ಮದುವೆ ಚಿತ್ರಗಳಲ್ಲಿ ಹೆಣ್ಣಿನ ಅಪ್ಪನಾಗಿ ನಲವತ್ತೊಂದು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದವರು. ಆದ್ದರಿಂದ ಲೈಟಿನವರಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರಿಗೂ ಬೀಗರೇ. ಸ್ವಂತಕ್ಕೆ ಇದ್ದವಳು ಒಬ್ಬಳೇ ಮಗಳು. ಹಿಂದೆ ಅಕ್ಕ ಕೆಲಸಕ್ಕೆ ಹೊಸಬಳಿದ್ದಾಗ ಲೋಟದ ಕೈ ತಪ್ಪಾಗಿ ಬರೆದು ಒಂದು ದಿನದ ಶೂಟಿಂಗ್ ಹಾಳು ಮಾಡಿದ್ದಳು. "ಹುಡುಗಿಯದೇನೂ ತಪ್ಪಿಲ್ಲ, ನಾನೇ ಕೈ ಬದಲಾಯಿಸಿದೆ" ಎಂದು ಬೈಗುಳವನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡವರು ಅವರು. ಅಂಥವರು ಈಗ ಎರಡು ಸಾಲಿನ ಮಾತಿಗೆ ತಡವರಿಸುತ್ತಿದ್ದರು. ಒಮ್ಮೆ ಮದುಮಗಳನ್ನು ಯಾವುದೋ ಹಳೆಯ ಚಿತ್ರದ ಮಗಳ ಹೆಸರಿನಿಂದ ಕರೆದರು. ಆ ಟೇಕಿನ ಎದುರು ಅಕ್ಕ 'ಮಾತು ಮರೆತರು' ಎಂದು ಬರೆಯಬೇಕಿತ್ತು. 'ವಿಮಾನದ ಸದ್ದು' ಎಂದು ಬರೆದಳು. ಮೊದಲನೆಯದನ್ನು ಬರೆದ ಮೇಲೆ ಉಳಿದ ಹದಿಮೂರು ಸಲೀಸಾಗಿ ಹಾರಿದವು.

ಇಂದು ಹನ್ನೊಂದು ಗಂಟೆಗೆ, ಬೀಗರು ಮಗಳಿಗೆ ಉಂಗುರದ ಡಬ್ಬಿ ಕೊಡುವ ಶಾಟಿಗೆ ಮೊದಲು, ಅಕ್ಕ ಅವರನ್ನು ಹಾಲಿನ ಮೂಲೆಗೆ, ಪರದೆಯ ಹಿಂದಿದ್ದ ಕಾರ್ಡಣ್ಣನ ಮೇಜಿಗೆ ಕರೆದೊಯ್ದಳು. ಅವನನ್ನು ಟೀಗೆ ಅಟ್ಟಿ, ಬೀಗರನ್ನು ಅವನ ಕುರ್ಚಿಯಲ್ಲಿ ಕೂರಿಸಿ, ಮಗುವಿಗೆ ಮಗ್ಗಿ ಹೇಳಿಕೊಟ್ಟಂತೆ ಮಾತು ಹೇಳಿಕೊಟ್ಟಳು. ಯಾರಾದರೂ ಬಂದಾರೆಂದು ಅಷ್ಟು ಹೊತ್ತೂ ಪರದೆಯ ಅಂಚು ಹಿಡಿದು ಹೊರಗೇ ಕಣ್ಣಿಟ್ಟು ನಿಂತಿದ್ದಳು.

ಅಂದರೆ ಆ ಹತ್ತು ನಿಮಿಷ ಮೇಜಿನ ಬಳಿ ಮೂರನೆಯವರು ಸುಳಿದಿಲ್ಲ ಎಂಬುದಕ್ಕೆ ಅವಳೇ ಸಾಕ್ಷಿ. ಆ ಸಾಕ್ಷಿ ಹೇಳಿದರೆ ಬೀಗರ ಗುಟ್ಟು ರಟ್ಟು. ಹೇಳದಿದ್ದರೆ ಕಾರ್ಡಣ್ಣ ಕಳ್ಳ.

ಮೊದಲು ನಾಯಕಿಯ ಕೋಣೆಗೆ ಹೋದಳು. ಮದುವೆಯ ಉಡುಪಿನಲ್ಲೇ ಕೂತು ಆಕೆ ಕಾಲಿಗೆ ಐಸ್ ಒತ್ತಿಕೊಳ್ಳುತ್ತಿದ್ದಳು.

"ಬೆಳಗಿನ ಶಾಟಲ್ಲಿ ಮೆಟ್ಟಿಲ ಮೇಲೆ ಮುಗ್ಗರಿಸಿದೆ ಅಲ್ವಾ? ಅದನ್ನ ಅಳಿಸಿ ಅಂತ ಡೈರೆಕ್ಟರಿಗೆ ಗೋಗರೆದೆಯಂತೆ?"

"ಹೌದು ಅಕ್ಕ. ಆಗಲ್ಲ ಅಂದರು. ಅದಕ್ಕೆ ಕದ್ದೆ ಅಂತೀರಾ? ನನ್ನ ಒಳ್ಳೇ ಶಾಟೆಲ್ಲ ಅದರಲ್ಲೇ ಇದೆ. ಮೂಗಿನ ಮೇಲಿನ ಸಿಟ್ಟಿಗೆ ಮೂಗೇ ಕೊಯ್ಕೊಳ್ಳೋ ಹುಚ್ಚಿ ನಾನಲ್ಲ."

"ಮೂಲೆ ಮೇಜಿನ ಕಡೆ ಹೋಗಿದ್ದೆಯಾ?"

"ಈ ಉಡುಪು ಹೊತ್ಕೊಂಡು? ನಾನು ಅಲುಗಾಡಿದರೆ ಇಬ್ಬರು ಹಿಂದೆ ಹಿಡ್ಕೊಂಡು ಬರಬೇಕು." ಆಮೇಲೆ ದನಿ ತಗ್ಗಿಸಿದಳು. "ಅಕ್ಕ, ಬೀಗರಿಗೆ ಹುಷಾರಿದೆ ತಾನೇ? ಡಬ್ಬಿ ಕೊಡುವಾಗ ಕೈ ಎಷ್ಟು ನಡುಗ್ತಿತ್ತು ಅಂದ್ರೆ, ಒಳಗಿದ್ದ ಉಂಗುರ ಕಟಕಟ ಅನ್ನೋದು ನನಗೇ ಕೇಳಿಸ್ತು."

"ವಯಸ್ಸಾಯ್ತಲ್ಲ" ಎಂದಷ್ಟೇ ಹೇಳಿ ಅಕ್ಕ ಹೊರಬಂದಳು.

ಬಾಗಿಲಲ್ಲೇ ಸೌಂಡಿನವನು ಅಡ್ಡ ಸಿಕ್ಕ. ಕೊರಳಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು.

"ಅಕ್ಕ, ಒಂದು ಕೇಳಲಾ? ನಿಮ್ಮ ಪುಸ್ತಕದಲ್ಲಿ ಹಾರಿದಷ್ಟು ವಿಮಾನ ಈ ಆಕಾಶದಲ್ಲಿ ಹಾರಿಲ್ಲ. ಅದನ್ನ ಓದಿದ ಮೇಲೆ ಡೈರೆಕ್ಟರ್ ನನ್ನನ್ನ ಬೈತಾರೆ."

"ಈಗ ಅದೆಲ್ಲ ಬೇಡಪ್ಪ."

"ಬೇಡ ಅಂದ್ರೆ ಬೇಡ." ಅವನು ನಗಲಿಲ್ಲ. ದಾರಿ ಬಿಟ್ಟ.

ಎರಡೂಮುಕ್ಕಾಲು. ಕಾರ್ಡಣ್ಣ ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅಕ್ಕ ಪಕ್ಕದಲ್ಲಿ ಕೂತಳು.

"ನಾನು ಕಳಿಸಿದೆ ಅಂತ ಯಾಕೆ ಹೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ ಅಕ್ಕ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಹದಿನೈದು ವರ್ಷ ಆಯ್ತು. ಒಂದು ಕಾರ್ಡು ಕಳೆದಿಲ್ಲ. ಇವತ್ತು ಕಳ್ಳ ಅಂತ ಹೆಸರು ಬಂದರೆ ನಾಳೆಯಿಂದ ಯಾವ ಯೂನಿಟ್ಟಿನವರೂ ನನ್ನ ಬಾಗಿಲೊಳಗೆ ಬಿಟ್ಕೊಳ್ಳಲ್ಲ. ನಾನೇನು ಮಾಡಲಿ ಹೇಳಿ?"

ಅಕ್ಕನಿಗೆ ಅವನ ಮುಖ ನೋಡಲಾಗಲಿಲ್ಲ. ಎದ್ದು ಸೀದಾ ಟ್ರಂಕು ಮಾಮನ ಬಳಿ ನಡೆದಳು. ಚಿತ್ರಕ್ಕೆ ಬೇಕಾದ ಸಾಮಾನುಗಳನ್ನೆಲ್ಲ ಟ್ರಂಕುಗಳಲ್ಲಿಟ್ಟು ಕಾಯುವ, ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚದ ಮುದುಕ ಅವನು.

"ಮಾಮ, ಕಾರ್ಡಣ್ಣನ ಮೇಜಿನ ಹತ್ರ ಯಾರನ್ನಾದರೂ ನೋಡಿದ್ರಾ?"

"ನಾನ್ಯಾಕೆ ನೋಡಲಿ? ನನ್ನ ಸಾಮಾನೆಲ್ಲ ಸರಿಯಾಗಿದೆ. ಅವನಿಗೆ ಹಾಗೇ ಆಗಬೇಕು. ಕಾರ್ಡಿಡೋಕೆ ಅಂತ ಮೊದಲ ದಿನ ಒಳ್ಳೇ ಡಬ್ಬಿ ಕೊಟ್ಟೆ, ಬೀಗರ ಡಬ್ಬಿದೇ ಜೋಡಿ. ಒಳಗಿನ ಮೆತ್ತೆ ಕಿತ್ತು ಬಿಸಾಕಿದ! ಸಾಮಾನಿನ ಬೆಲೆ ಗೊತ್ತಿಲ್ಲದವನು."

"ಬೀಗರು ಕೊಟ್ಟ ಡಬ್ಬಿ ಎಲ್ಲಿದೆ ಈಗ?"

"ಶಾಟ್ ಮುಗಿದ ಕೂಡಲೇ ಮದುಮಗಳ ಕೈಯಿಂದ ಇಸ್ಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದೆ."

"ಉಂಗುರದ ಸಮೇತ?"

"ಯಾವ ಉಂಗುರ? ಶಾಟಲ್ಲಿ ಡಬ್ಬಿ ತೆಗೆಯೋದೇ ಇಲ್ಲ ಅಂದ ಮೇಲೆ ಉಂಗುರ ಯಾಕೆ? ಖಾಲಿ ಡಬ್ಬಿ ಅದು."

ಅಕ್ಕ ಎರಡು ಹೆಜ್ಜೆ ಹೋದವಳು ನಿಂತಳು.

ಖಾಲಿ ಡಬ್ಬಿ. ಹಾಗಾದರೆ ಕಟಕಟ ಎಂದದ್ದು ಏನು?

ಮೂಲೆಯ ಮೇಜಿಗೆ ಹೋಗಿ ಮೊಬೈಲ್ ತೆಗೆದಳು. ಚಟಕ್ಕೆ ಬಿದ್ದವಳಂತೆ ಎಲ್ಲದರ ಫೋಟೋ ತೆಗೆದಿಡುವವಳಲ್ಲವೇ? ಮೊದಲ ವಾರದ ಚಿತ್ರಗಳಲ್ಲಿ ಕಾರ್ಡಣ್ಣನ ಮೇಜೂ ಸಿಕ್ಕಿತು. ತೆರೆದ ಡಬ್ಬಿ, ಬರಿಯ ತಳದ ಮೇಲೆ ಮಲಗಿದ್ದ ಕಾರ್ಡು. ಈಗ ಎದುರಿಗಿದ್ದ ಡಬ್ಬಿಯನ್ನು ನೋಡಿದಳು. ದಪ್ಪ ಮೆತ್ತೆ. ನಡುವೆ ಸೀಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಮಧ್ಯಾಹ್ನದಿಂದ ಎಲ್ಲರೂ ಡಬ್ಬಿಯಲ್ಲಿ ಇಲ್ಲದ್ದನ್ನು ಹುಡುಕುತ್ತಿದ್ದರು. ಇದ್ದದ್ದನ್ನು ಯಾರೂ ನೋಡಿರಲಿಲ್ಲ.

ಖುಷಿ ಒಂದು ಉಸಿರಿನಷ್ಟೂ ಉಳಿಯಲಿಲ್ಲ. ಈ ಮೇಜಿಗೆ ಇದರ ಜೋಡಿ ಡಬ್ಬಿ ಹಿಡಿದು ಬಂದವರು ಒಬ್ಬರೇ.

ಮಾಮನನ್ನು ಪುಸಲಾಯಿಸಿ ಬೀಗದ ಕೈ ಇಸಿದುಕೊಂಡರೆ? ಕಾರ್ಡನ್ನು ಮೇಜಿನ ಸಂದಿಗೆ ಸಿಕ್ಕಿಸಿ 'ಇಲ್ಲೇ ಬಿದ್ದಿತ್ತು' ಎಂದುಬಿಟ್ಟರೆ? ಬೀಗರ ಮಾನ ಉಳಿಯುತ್ತದೆ. ಕಾರ್ಡಣ್ಣ ಮಾತ್ರ ಜೀವನವಿಡೀ 'ಕಾರ್ಡು ಎಲ್ಲೆಂದರಲ್ಲಿ ಬೀಳಿಸುವವನು' ಆಗುತ್ತಾನೆ. ಅದು ಹದಿನೈದನೆಯ ವಿಮಾನ.

ಮೂರೂಕಾಲಿಗೆ ಅವಳು ಎಲ್ಲರನ್ನೂ ಹಾಲಿಗೆ ಕರೆದಳು. ಬಾಡಿದ ಎಸಳುಗಳ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಬೀಗರು ಮುಂದಿನ ಸಾಲಿನಲ್ಲಿ, ಹೆಣ್ಣಿನ ಅಪ್ಪನ ಕೋಟಿನಲ್ಲೇ ಇದ್ದರು.

"ಕಾರ್ಡಣ್ಣ, ನಿನ್ನ ಡಬ್ಬಿಯಲ್ಲಿ ಮೆತ್ತೆ ಇತ್ತಾ?"

"ಇಲ್ಲ ಅಕ್ಕ. ಮೆತ್ತೆ ಇದ್ದರೆ ಕಾರ್ಡು ಕೂರಲ್ಲ ಅಂತ ಕಿತ್ತು—" ಅವನ ಬಾಯಿ ತೆರೆದೇ ಉಳಿಯಿತು.

"ಮತ್ತೆ ಮಧ್ಯಾಹ್ನ ಬೆರಳು ತೂರಿಸಿದ್ದು ಯಾವ ಸೀಳಿಗೆ?" ಅಕ್ಕ ಮೇಜಿನ ಡಬ್ಬಿ ಎತ್ತಿ ತೋರಿಸಿದಳು. "ಇದು ಅವನದಲ್ಲ ಸಾರ್. ಶಾಟಿಗೆ ಇಟ್ಟಿದ್ದ ಖಾಲಿ ಡಬ್ಬಿ. ಡಬ್ಬಿಯಿಂದ ಕಾರ್ಡು ಹೋಗಿಲ್ಲ, ಡಬ್ಬಿಯೇ ಬದಲಾಗಿದೆ. ಕ್ಯಾಮೆರಾ ಎದುರು ಮದುಮಗಳ ಕೈಗೆ ಹೋದದ್ದು ಕಾರ್ಡಿದ್ದ ಡಬ್ಬಿ. ಕಟಕಟ ಅಂದದ್ದು ಉಂಗುರ ಅಲ್ಲ. ಮಾಮ, ಟ್ರಂಕು ತೆಗೀರಿ."

"ಸರಿ, ಬದಲಾಯಿಸಿದ್ದು ಯಾರು?" ನಿರ್ದೇಶಕ ಕೇಳಿದ.

ಅಕ್ಕ ತನ್ನ ಪುಸ್ತಕ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಮಾಮ ನೀಲಿ ಡಬ್ಬಿಯನ್ನು ತಂದು ಹತ್ತಿರವಿದ್ದ ನಾಯಕಿಯ ಕೈಗಿಟ್ಟ. ಆಕೆ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟಳು.

ಬೀಗರು ಎದ್ದು ನಿಂತರು. ನಿಧಾನವಾಗಿ ಎರಡು ಹೆಜ್ಜೆ ಮುಂದೆ ಬಂದು, ಆಕೆಯ ಕೈಯ ಮೇಲೆ ತಮ್ಮ ಕೈ ಮುಚ್ಚಿದರು.

"ಈಗ ಬೇಡ ಮಗಳೇ. ಮನೆಗೆ ಹೋದ ಮೇಲೆ ತೆಗೆದು ನೋಡು. ನಾನು ಎದುರಿಗಿದ್ದರೆ ನಿನಗೂ ಕಷ್ಟ, ನನಗೂ ಕಷ್ಟ."

ಡಬ್ಬಿ ಕೊಡುವ ಶಾಟಿನ ಮಾತು, ಒಂದಕ್ಷರ ತಪ್ಪಲಿಲ್ಲ. ಬೆಳಿಗ್ಗೆ ಒಂಬತ್ತು ಟೇಕಿನಲ್ಲಿ ಒಮ್ಮೆಯೂ ಹೀಗೆ ಬಂದಿರಲಿಲ್ಲ. ಆದರೆ ಎದುರಿಗೆ ಕ್ಯಾಮೆರಾ ಇರಲಿಲ್ಲ, ಲೈಟು ಇರಲಿಲ್ಲ, ಯಾರೂ ಆಕ್ಷನ್ ಎಂದಿರಲಿಲ್ಲ. ನಾಯಕಿ ಕಣ್ತುಂಬಿಕೊಂಡು ನಿಂತಳು. ಏನಾಗುತ್ತಿದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಡಬ್ಬಿ ಬದಲಾಯಿಸಿದ್ದು ಬೀಗರ ಕೈ" ಎಂದಳು ಅಕ್ಕ. "ಮೇಜಿನ ಮೇಲೆ ತಮ್ಮದನ್ನ ಇಟ್ಟು, ಏಳುವಾಗ ಪಕ್ಕದ್ದನ್ನ ಎತ್ಕೊಂಡರು. ಅವರಿಗೆ ನೆನಪಿಲ್ಲ. ಕೇಳಬೇಡಿ. ಅವರನ್ನ ಅಲ್ಲಿ ಕೂರಿಸಿದವಳು ನಾನು. ಕಾರ್ಡಣ್ಣನನ್ನ ಟೀಗೆ ಕಳಿಸಿದವಳೂ ನಾನೇ. ಕಳ್ಳತನ ಆಗಿದ್ದರೆ ಅದು ಇಲ್ಲಿ ಆಗಿದೆ ಸಾರ್." ಪುಸ್ತಕವನ್ನು ನಿರ್ದೇಶಕನ ಮುಂದೆ ಹಿಡಿದಳು. "ಹದಿನಾಲ್ಕು ವಿಮಾನ. ಒಂದೂ ಹಾರಿಲ್ಲ."

ಸೌಂಡಿನವನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. "ನನಗೂ ಗೊತ್ತಿತ್ತು ಸಾರ್" ಎಂದ. "ಅವರು ತಡವರಿಸೋದೆಲ್ಲ ನನ್ನ ಕಿವಿಯಲ್ಲೇ ಕೇಳ್ತಿತ್ತು."

ಕಾರ್ಡಣ್ಣ ನಾಯಕಿಯ ಕೈಯಿಂದ ಡಬ್ಬಿ ಇಸಿದುಕೊಂಡು ತೆರೆದ. ಕಾರ್ಡು ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರ್ದೇಶಕ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವುತ್ತ ಹೋದ.

"ಮೊದಲ ದಿನವೇ ಹೇಳಿದ್ದರೆ ಅವರ ಜೊತೆಗೆ ಒಬ್ಬರನ್ನ ಇಡ್ತಿದ್ದೆ" ಎಂದ ಕೊನೆಗೆ. "ಡಾಕ್ಟರಿಗೆ ತೋರಿಸ್ತಿದ್ದೆ. ನೀನು ಅವರನ್ನ ಉಳಿಸಿದೆ ಅಂದ್ಕೊಂಡೆಯಾ?"

ಅಕ್ಕ ಹಾಗೇ ಅಂದುಕೊಂಡಿದ್ದಳು. ಮಾನ ಉಳಿಸುತ್ತಿದ್ದೇನೆಂದು ನಂಬಿ ಮೂರು ವಾರ ಆ ಮನುಷ್ಯನನ್ನು ಒಬ್ಬಂಟಿಯಾಗಿ ಬಿಟ್ಟಿದ್ದಳು. ಕಾರ್ಡಣ್ಣನ ಎದುರು ನಿಂತು ಕೈ ಮುಗಿದಳು. ಅವನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

ಬೀಗರು ಇನ್ನೂ ನಿಂತೇ ಇದ್ದರು. ಪ್ರತಿ ಟೇಕಿನ ನಂತರ ಕೇಳುವಂತೆ ಅಕ್ಕನ ಕಡೆ ತಿರುಗಿದರು.

"ಹೇಗಿತ್ತಮ್ಮ? ಓಕೆನಾ?"

ಮೂರು ವಾರದಿಂದ ಆ ಪ್ರಶ್ನೆಗೆ ಅವಳು ತಲೆಯಾಡಿಸಿದ್ದೇ ಆಡಿಸಿದ್ದು. ಈಗ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಾನೂ ಎಸಳುಗಳ ಮೇಲೆ ಕೂತಳು.

"ಇಲ್ಲ ಬೀಗರೇ. ಓಕೆ ಇಲ್ಲ. ಬನ್ನಿ, ನಿಮ್ಮ ಮಗಳಿಗೆ ಫೋನ್ ಮಾಡೋಣ."

ಬೀಗರು ಅವಳ ಮುಖವನ್ನೇ ನೋಡಿದರು. ಎಲ್ಲಿಯದೋ ಲೆಕ್ಕ ಜ್ಞಾಪಿಸಿಕೊಳ್ಳುವವರಂತೆ ಹುಬ್ಬು ಗಂಟಿಕ್ಕಿಕೊಂಡರು.

"ಯಾವ ಮಗಳಿಗಮ್ಮ?" ಎಂದು ಕೇಳಿದರು.